ಜಾಲತಾಣ ಕಟ್ಟುವವರ ಸಭೆಯಲ್ಲಿ

ಕಲಿಕೆಯಲ್ಲಿ ಎರಡು ಬಗೆಗಳುಂಟು. ಒಂದು ಏಕಾಂತದಲ್ಲಿ ನಡೆಯುವಂಥದು, ಇನ್ನೊಂದು ನಾಲ್ಕು ಜನರ ನಡುವೆ ನಡೆಯುವಂಥದು. ಮೊದಲನೆಯದಕ್ಕೆ ಪುಸ್ತಕ, ಸಮಯ ಮತ್ತು ತಾಳ್ಮೆಗಳಿದ್ದರೆ ಸಾಕು. ಎರಡನೆಯದಕ್ಕೆ ಇವುಗಳ ಜೊತೆಗೆ ಮತ್ತೊಂದು ಗುಣ ಬೇಕು. ಅದು "ಇದು ನನಗೆ ತಿಳಿಯದು" ಎಂದು ಸಭೆಯಲ್ಲಿ ಎದ್ದುನಿಂತು ಹೇಳುವ ಧೈರ್ಯ. ವಿದ್ಯಾರ್ಥಿಗಳಲ್ಲಿ ಈ ಧೈರ್ಯವನ್ನು ಬೆಳೆಸುವುದು ಶಿಕ್ಷಕರ ಕರ್ತವ್ಯವೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಮೂವತ್ತು ವರ್ಷಗಳ ಕಾಲ ಕರಿಹಲಗೆಯ ಮುಂದೆ ನಿಂತು ಉತ್ತರ ಹೇಳಿ ರೂಢಿಯಾದ ಶಿಕ್ಷಕರೇ ಪ್ರಶ್ನೆ ಕೇಳುವವರ ಸಾಲಿನಲ್ಲಿ ಕುಳಿತುಕೊಳ್ಳಬೇಕಾಗಿ ಬಂದರೆ ಅವರ ಮನಃಸ್ಥಿತಿ ಹೇಗಿದ್ದೀತು? ಗದಗ ಜಿಲ್ಲೆಯ ತಾಲ್ಲೂಕು ಊರೊಂದರ ಪ್ರೌಢಶಾಲೆಯ ಕನ್ನಡ ಶಿಕ್ಷಕರೊಬ್ಬರಿಗೆ 2019ರಲ್ಲಿ ಅಂಥದೊಂದು ಪ್ರಸಂಗ ಬೆಂಗಳೂರಿನಲ್ಲಿ ಒದಗಿತು. ಜಾಲತಾಣಗಳನ್ನು ಕಟ್ಟುವ ತರುಣ ತರುಣಿಯರು ತಿಂಗಳಿಗೊಮ್ಮೆ ಸೇರುವ ಒಂದು ಸಣ್ಣ ಸಭೆಗೆ ಅವರು ಹೋಗಿದ್ದರು. ಸೇರುವವರು ಅದನ್ನು 'ಮೀಟಪ್' ಎಂದು ಕರೆಯುತ್ತಾರೆ.

ಗಣಕಯಂತ್ರದ ಕೆಲಸವೆಂದರೆ ಕೋಣೆಯೊಂದರಲ್ಲಿ ಒಬ್ಬಂಟಿಯಾಗಿ ಕುಳಿತು ಮಾಡುವ ಕೆಲಸವೆಂಬ ಭಾವನೆ ಜನರಲ್ಲಿದೆ. ಅದರ ಇತಿಹಾಸವು ಬೇರೊಂದನ್ನು ಹೇಳುತ್ತದೆ. 1975ರ ಮಾರ್ಚ್ 5ರಂದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಮೆನ್ಲೋ ಪಾರ್ಕ್ ಎಂಬ ಊರಿನಲ್ಲಿ, ಗೋರ್ಡನ್ ಫ್ರೆಂಚ್ ಎಂಬವರ ಮನೆಯ ಕಾರು ನಿಲ್ಲಿಸುವ ಕೊಠಡಿಯಲ್ಲಿ, 32 ಮಂದಿ ಹವ್ಯಾಸಿಗಳು ಕೂಡಿದರು. ಆಗತಾನೆ ಬಿಡಿಭಾಗಗಳ ರೂಪದಲ್ಲಿ ಮಾರಾಟಕ್ಕೆ ಬಂದಿದ್ದ ಆಲ್ಟೇರ್ 8800 ಎಂಬ ಯಂತ್ರವನ್ನು ನೋಡುವುದು, ತಮಗೆ ತಿಳಿದುದನ್ನು ಹೇಳುವುದು, ತಿಳಿಯದುದನ್ನು ಕೇಳುವುದು ಅವರ ಉದ್ದೇಶವಾಗಿತ್ತು. 'ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್' ಎಂದು ಹೆಸರಾದ ಆ ಕೂಟದ ಮೊದಲ ಸಭೆಯಲ್ಲಿದ್ದ ಸ್ಟೀವ್ ವೋಜ್ನಿಯಾಕ್ ಎಂಬ ತರುಣನು ಅಲ್ಲಿ ಪಡೆದ ಸ್ಫೂರ್ತಿಯಿಂದಲೇ ಮುಂದೆ ಆ್ಯಪಲ್ ಕಂಪನಿಯ ಮೊದಲ ಯಂತ್ರವನ್ನು ರೂಪಿಸಿದನು. ಅದರ ನಕ್ಷೆಯನ್ನು ಅವನು ಕೂಟದ ಸದಸ್ಯರಿಗೆ ಉಚಿತವಾಗಿ ಹಂಚಿದ್ದನೆಂಬುದು ಇಂದಿಗೂ ಸ್ಮರಿಸಲ್ಪಡುವ ಸಂಗತಿಯಾಗಿದೆ.

ಆದರೆ ಹಂಚಿಕೊಳ್ಳುವಿಕೆಯೆಲ್ಲವೂ ನಿರ್ವಿವಾದವಾಗಿರಲಿಲ್ಲ. 1976ರ ಫೆಬ್ರವರಿ 3ರಂದು ಬಿಲ್ ಗೇಟ್ಸ್ ಹವ್ಯಾಸಿಗಳನ್ನು ಉದ್ದೇಶಿಸಿ ಬಹಿರಂಗ ಪತ್ರವೊಂದನ್ನು ಬರೆದರು. ತಾವೂ ತಮ್ಮ ಜೊತೆಗಾರರೂ ಶ್ರಮಪಟ್ಟು ಸಿದ್ಧಪಡಿಸಿದ ತಂತ್ರಾಂಶವನ್ನು ಹಣ ಕೊಡದೆ ನಕಲು ಮಾಡಿಕೊಂಡರೆ ದುಡಿದವರ ಗತಿಯೇನೆಂಬುದು ಅವರ ಆಕ್ಷೇಪವಾಗಿತ್ತು. ದುಡಿಮೆಗೆ ಪ್ರತಿಫಲ ಬೇಕೆಂಬ ಮಾತೂ ನ್ಯಾಯವಾದುದೇ, ವಿದ್ಯೆಯನ್ನು ಬಚ್ಚಿಡಬಾರದೆಂಬ ಮಾತೂ ನ್ಯಾಯವಾದುದೇ. ಈ ಎರಡು ನ್ಯಾಯಗಳ ನಡುವಿನ ತಿಕ್ಕಾಟ ಇಂದಿಗೂ ಮುಗಿದಿಲ್ಲ.

ಹೋಮ್‌ಬ್ರೂ ಕೂಟದ ಸಭೆಗಳು ಮುಂದೆ ಸ್ಟ್ಯಾನ್‌ಫರ್ಡಿನ ರೇಖೀಯ ವೇಗವರ್ಧಕ ಕೇಂದ್ರದ ಸಭಾಂಗಣದಲ್ಲಿ ನಡೆದವು. ಯುರೋಪಿನ ಹೊರಗಿನ ಮೊಟ್ಟಮೊದಲ ವೆಬ್ ಸರ್ವರ್ 1991ರ ಡಿಸೆಂಬರಿನಲ್ಲಿ ಆರಂಭವಾದದ್ದು ಅದೇ ಸಂಸ್ಥೆಯಲ್ಲಿ ಎಂಬುದು ಒಂದು ಸೊಗಸಾದ ಯೋಗಾಯೋಗ. ವೆಬ್ಬಿನ ಕಲ್ಪನೆಯನ್ನು ಟಿಮ್ ಬರ್ನರ್ಸ್-ಲೀ ಅವರು 1989ರಲ್ಲಿ ಜಿನೀವಾ ನಗರದ ಸಮೀಪದ ಸೆರ್ನ್ ಸಂಶೋಧನಾ ಸಂಸ್ಥೆಯಲ್ಲಿ ಮುಂದಿಟ್ಟರು. 1993ರ ಏಪ್ರಿಲ್ 30ರಂದು ಆ ಸಂಸ್ಥೆಯು ವೆಬ್ಬಿನ ಮೂಲ ತಂತ್ರಾಂಶವನ್ನು ಯಾವುದೇ ಶುಲ್ಕವಿಲ್ಲದೆ ಯಾರು ಬೇಕಾದರೂ ಬಳಸಬಹುದೆಂದು ಘೋಷಿಸಿತು. ಇಂದು ಹಳ್ಳಿಯ ಶಾಲೆಯೊಂದು ತನ್ನ ಹೆಸರಿನ ಜಾಲತಾಣವನ್ನು ತೆರೆಯುವಾಗ ವೆಬ್ಬಿನ ಒಡೆಯರೆಂದು ಯಾರಿಗೂ ಕಪ್ಪಕಾಣಿಕೆ ಸಲ್ಲಿಸಬೇಕಾಗಿಲ್ಲ. ಅದಕ್ಕೆ ಆ ಒಂದು ನಿರ್ಧಾರವೇ ಮುಖ್ಯ ಕಾರಣ.

ಊರೂರಿನ ಸಮಾನಾಸಕ್ತರು ಮುಖಾಮುಖಿಯಾಗಿ ಸೇರಲು ನೆರವಾಗುವ 'ಮೀಟಪ್' ಎಂಬ ಸೇವೆ 2002ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಆರಂಭವಾಯಿತು. ಕಾಲಕ್ರಮದಲ್ಲಿ ಆ ಹೆಸರು ಇಂಥ ಸಭೆಗಳಿಗೇ ಅನ್ವರ್ಥನಾಮವಾಯಿತು. ಬೆಂಗಳೂರಿಗೆ ಈ ಸಂಪ್ರದಾಯ ಹೊಸದಲ್ಲ. ಮುಕ್ತ ತಂತ್ರಾಂಶದ ಆಸಕ್ತರು 2001ರಲ್ಲಿಯೇ 'ಲಿನಕ್ಸ್ ಬೆಂಗಳೂರು' ಎಂಬ ಸಮಾವೇಶ ನಡೆಸಿದ್ದರು. 2006ರಲ್ಲಿ ಅಲ್ಲಿ ಮೊದಲ 'ಬಾರ್‌ಕ್ಯಾಂಪ್' ಏರ್ಪಟ್ಟಿತು. ಬಂದವರಾರೂ ಬರಿಯ ಪ್ರೇಕ್ಷಕರಾಗಿ ಉಳಿಯಬಾರದು, ಎಲ್ಲರೂ ಭಾಗವಹಿಸಬೇಕು ಎಂಬುದು ಬಾರ್‌ಕ್ಯಾಂಪಿನ ಮೂಲ ನಿಯಮ. ಈ ದೊಡ್ಡ ಕೂಟಗಳ ನೆರಳಿನಲ್ಲಿ ಮೂವತ್ತು ನಲವತ್ತು ಜನರ ಚಿಕ್ಕ ಚಿಕ್ಕ ಸಭೆಗಳು ನಗರದ ಹಲವು ಬಡಾವಣೆಗಳಲ್ಲಿ ಬೆಳೆದವು. ಗದಗ ಜಿಲ್ಲೆಯ ಶಿಕ್ಷಕರು ಹೋದದ್ದು ಅಂಥದೊಂದು ಸಭೆಗೆ.

ಅವರನ್ನು ಅಲ್ಲಿಗೆ ಕರೆದೊಯ್ದ ಕಾರಣ ಹೀಗಿದೆ. ಅವರ ಶಾಲೆಯ ವಾರ್ಷಿಕ ಸಂಚಿಕೆಗಳ ಸಂಪಾದಕತ್ವ ಬಹುಕಾಲದಿಂದ ಅವರದೇ ಆಗಿತ್ತು. 2001ರಿಂದ 2014ರವರೆಗಿನ ಹದಿನಾಲ್ಕು ಸಂಚಿಕೆಗಳನ್ನು ಗಣಕಯಂತ್ರದಲ್ಲಿ ಜೋಡಿಸಿ ಅಚ್ಚು ಹಾಕಿಸಿದ್ದರು. 2016ರಲ್ಲಿ ಶಾಲೆಗೆ ಜಾಲತಾಣವಾದಾಗ ಆ ಹದಿನಾಲ್ಕನ್ನೂ ಅದರಲ್ಲಿ ಸೇರಿಸಲಾಯಿತು. ಕಚೇರಿಯ ಯಂತ್ರದಲ್ಲಿ ಅವು ಅಂದವಾಗಿ ಕಾಣುತ್ತಿದ್ದುವು. ಶಾಲೆಯ ಗ್ರಂಥಾಲಯಕ್ಕೆ ನಿವೇಶನ ದಾನಮಾಡಿದ್ದ ಹಿರಿಯರೊಬ್ಬರು 2006ರಲ್ಲಿ ತೀರಿಕೊಂಡಾಗ ಆ ವರ್ಷದ ಸಂಚಿಕೆಯಲ್ಲಿ ಅವರ ಜೀವನವನ್ನು ಕುರಿತ ದೀರ್ಘ ಲೇಖನ ಪ್ರಕಟವಾಗಿತ್ತು. ಬರೆದವರು ಅಂದಿನ ಮುಖ್ಯೋಪಾಧ್ಯಾಯರು. ಅವರೂ ಈಗ ಕೀರ್ತಿಶೇಷರು. ಪುಣೆಯಲ್ಲಿ ನೆಲೆಸಿದ್ದ ಆ ದಾನಿಗಳ ಮಗಳು ತಮ್ಮ ಮೊಮ್ಮಕ್ಕಳಿಗೆ ಓದಿ ಹೇಳಬೇಕೆಂದು ಆ ಲೇಖನವನ್ನು ಮೊಬೈಲಿನಲ್ಲಿ ತೆರೆದರು. ತೆರೆದಾಗ ಕಂಡದ್ದು ಅರ್ಥವಿಲ್ಲದ ಪರಕೀಯ ಅಕ್ಷರಗಳ ರಾಶಿ. "ಮಾಸ್ತರರೇ, ಅಪ್ಪನ ಹೆಸರು ಸಹ ಓದಲಿಕ್ಕೆ ಬರಲಿಲ್ಲ. ಇದೇನಾಗಿದೆ?" ಎಂದು ಅವರು ಪತ್ರ ಬರೆದರು.

ಆ ಪತ್ರವನ್ನು ಶಿಕ್ಷಕರು ಬಹುದಿನ ಜೇಬಿನಲ್ಲಿಟ್ಟುಕೊಂಡು ಓಡಾಡಿದರು. ಊರಿನ ಗಣಕಯಂತ್ರದ ಅಂಗಡಿಯವರು "ಫಾಂಟ್ ಹಾಕ್ಕೊಂಡ್ರ ಸರಿ ಆಗ್ತದ್ರಿ" ಎಂದರು. ಆದರೆ ಪುಣೆಯ ಅಜ್ಜಿಯೊಬ್ಬರು ಮೊಬೈಲಿಗೆ ಹಳೆಯ ಫಾಂಟನ್ನು ಹಾಕಿಕೊಳ್ಳುವುದು ಹೇಗೆ? ಕೊನೆಗೆ ಅವರು ಬೆಂಗಳೂರಿನಲ್ಲಿ ಜಾಲತಾಣ ಕಟ್ಟುವ ಉದ್ಯೋಗದಲ್ಲಿದ್ದ ತಮ್ಮ ಹಳೆಯ ವಿದ್ಯಾರ್ಥಿಗೆ ದೂರವಾಣಿ ಮಾಡಿದರು. ಅವನು ಎಲ್ಲವನ್ನೂ ಕೇಳಿ, "ಸರ್, ಇದಕ್ಕ ನನ್ನೊಬ್ಬನ ಬುದ್ಧಿ ಸಾಲೂದಿಲ್ರಿ. ಶನಿವಾರ ನಮ್ಮ ಸಭೆ ಅದ. ನೀವೇ ಬಂದು ಕೇಳ್ರಿ" ಎಂದನು. "ತಮ್ಮಾ, ಆ ಇಂಗ್ಲಿಷ್ ಮಂದಿಯೊಳಗ ನಂದೇನು ಕೆಲಸ?" ಎಂದು ಶಿಕ್ಷಕರು ಸಂಕೋಚಪಟ್ಟರು. ಶಿಷ್ಯನು ಬಿಡಲಿಲ್ಲ. ಶುಕ್ರವಾರ ರಾತ್ರಿಯ ಬಸ್ಸು ಹತ್ತಿ ಅವರು ಬೆಂಗಳೂರಿಗೆ ಬಂದರು. ಚೀಲದಲ್ಲಿ ಹದಿನಾಲ್ಕು ಸಂಚಿಕೆಗಳ ಅಚ್ಚಾದ ಪ್ರತಿಗಳಿದ್ದವು. ಆಡಳಿತ ಮಂಡಳಿಯು ಖರ್ಚಿಗೆಂದು ಮಂಜೂರು ಮಾಡಿದ ಐದು ಸಾವಿರ ರೂಪಾಯಿಗಳೂ ಇದ್ದುವು.

ಸಭೆಯು ಒಂದು ಕಂಪನಿಯ ಮೂರನೆಯ ಮಹಡಿಯ ಕೊಠಡಿಯಲ್ಲಿತ್ತು. ರಜಾದಿನವಾದುದರಿಂದ ಕಂಪನಿಯವರು ಅದನ್ನು ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟಿದ್ದರು. ಪ್ರವೇಶಶುಲ್ಕವಿರಲಿಲ್ಲ. ಬಾಗಿಲಲ್ಲಿ ಒಬ್ಬ ಹುಡುಗ ಅಂಟುಚೀಟಿಯೊಂದನ್ನು ಕೊಟ್ಟು, ಹೆಸರು ಬರೆದು ಎದೆಯ ಮೇಲೆ ಹಚ್ಚಿಕೊಳ್ಳಬೇಕೆಂದನು. ಉಳಿದವರೆಲ್ಲ ಇಂಗ್ಲಿಷಿನಲ್ಲಿ ಬರೆದಿದ್ದರು. ಶಿಕ್ಷಕರು ಕ್ಷಣಕಾಲ ಯೋಚಿಸಿ ಕನ್ನಡದಲ್ಲಿಯೇ ದುಂಡಾಗಿ ಬರೆದರು. ಒಳಗೆ ಸುಮಾರು ನಲವತ್ತು ಜನರಿದ್ದರು. ಹೆಚ್ಚಿನವರು ಅವರ ಶಿಷ್ಯನ ವಯಸ್ಸಿನವರು. ಪಂಚೆಯುಟ್ಟವರು ಅವರೊಬ್ಬರೇ.

ಮೊದಲಿಗೆ ಪ್ರತಿಯೊಬ್ಬರೂ ತಮ್ಮ ಹೆಸರು, ಉದ್ಯೋಗ, ಏನು ಕಲಿಯಲು ಬಂದಿದ್ದೇವೆಂಬುದನ್ನು ಎರಡು ಮಾತಿನಲ್ಲಿ ಹೇಳಿದರು. ಅನಂತರ ಎರಡು ಉಪನ್ಯಾಸಗಳು ನಡೆದವು. ಒಂದು, ಜಾಲತಾಣದ ಪುಟಗಳು ತಡವಾಗಿ ತೆರೆಯುವುದೇಕೆ ಎಂಬುದರ ಬಗ್ಗೆ. ಭಾರವಾದ ಚಿತ್ರಗಳನ್ನು ಹೇರಿದ ಪುಟವು ನಗರದ ವೇಗದ ಸಂಪರ್ಕದಲ್ಲಿ ಸಲೀಸಾಗಿ ತೆರೆಯುತ್ತದೆ, ಹಳ್ಳಿಯ ದುರ್ಬಲ ಸಂಪರ್ಕದಲ್ಲಿ ನಿಂತುಬಿಡುತ್ತದೆ. ಕಟ್ಟುವವನು ತನ್ನ ಮೇಜಿನ ಮೇಲಿನ ಯಂತ್ರವನ್ನಷ್ಟೇ ನೋಡಿ ತೃಪ್ತನಾಗಬಾರದೆಂದು ಉಪನ್ಯಾಸಕಾರನು ಎಚ್ಚರಿಸಿದನು. ಕಚೇರಿಯ ಯಂತ್ರದಲ್ಲಿ ಅಂದವಾಗಿ ಕಂಡ ತಮ್ಮ ಸಂಚಿಕೆಗಳ ನೆನಪಾಗಿ ಶಿಕ್ಷಕರು ತಲೆಯಾಡಿಸಿದರು.

ಎರಡನೆಯದು, ದೃಷ್ಟಿಹೀನರು ಜಾಲತಾಣಗಳನ್ನು ಬಳಸುವ ಬಗೆಯನ್ನು ಕುರಿತದ್ದು. ತೆರೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿಹೇಳುವ ತಂತ್ರಾಂಶಗಳುಂಟು. ಆದರೆ ಬರಹವನ್ನು ಚಿತ್ರವಾಗಿ ಹಾಕಿದರೆ ಅವಕ್ಕೆ ಓದುವುದಕ್ಕೆ ಏನೂ ಇರುವುದಿಲ್ಲ. ಹುಡುಕುವವರಿಗೂ ಅದು ಸಿಗುವುದಿಲ್ಲ. ವೆಬ್ಬಿನ ನಿಯಮಗಳನ್ನು ರೂಪಿಸುವ ಅಂತರರಾಷ್ಟ್ರೀಯ ಒಕ್ಕೂಟವು 1999ರಲ್ಲಿಯೇ ಈ ಬಗ್ಗೆ ಮಾರ್ಗಸೂಚಿಗಳನ್ನು ಪ್ರಕಟಿಸಿತ್ತು. ಬೇರೆ ದಾರಿ ಕಾಣದಿದ್ದರೆ ಸಂಚಿಕೆಗಳ ಪುಟಗಳ ಭಾವಚಿತ್ರ ತೆಗೆದು ಹಾಕಿಬಿಡೋಣವೆಂದು ಶಿಕ್ಷಕರು ಮನಸ್ಸಿನಲ್ಲಿ ನಿಶ್ಚಯಿಸಿಕೊಂಡು ಬಂದಿದ್ದರು. ಆ ನಿಶ್ಚಯ ಅಲ್ಲಿಗೆ ಸಡಿಲವಾಯಿತು. ಓದಬಲ್ಲವರಿಗೆ ಮಾತ್ರ ಕಾಣುವ, ಹುಡುಕಿದವರಿಗೆ ಸಿಗದ ಸಂಚಿಕೆ ಅರ್ಧ ಮುಚ್ಚಿದ ಪುಸ್ತಕದಂತೆ ಎಂದು ಅವರಿಗೆ ತೋರಿತು.

ಮೂರನೆಯ ಭಾಗ ಮುಕ್ತ ಪ್ರಶ್ನೆಗಳದು. ಒಬ್ಬೊಬ್ಬರಿಗೆ ಐದು ನಿಮಿಷ. ಶಿಷ್ಯನು ಅವರ ಕಡೆ ನೋಡಿದನು. ಶಿಕ್ಷಕರು ಎದ್ದರು. ದಿನಕ್ಕೆ ಐದು ತರಗತಿಗಳಲ್ಲಿ ನಿರರ್ಗಳವಾಗಿ ಮಾತನಾಡುವ ಅವರ ಗಂಟಲು ಅಂದು ಒಣಗಿತ್ತು. ಇಂಗ್ಲಿಷಿನಲ್ಲಿ ಒಂದು ವಾಕ್ಯವನ್ನು ಆರಂಭಿಸಿ ನಡುವೆಯೇ ನಿಂತರು. ಆಗ ಸಭೆಯನ್ನು ನಡೆಸುತ್ತಿದ್ದ ತಮಿಳು ಮನೆಮಾತಿನ ತರುಣಿಯು, "ಸರ್, ಕನ್ನಡದಲ್ಲೇ ಹೇಳಿ. ಅರ್ಥ ಆಗದವರಿಗೆ ನಾವು ಹೇಳ್ತೀವಿ" ಎಂದಳು. ಶಿಕ್ಷಕರು ಕನ್ನಡದಲ್ಲಿ ಹೇಳಿದರು. ಪ್ರೊಜೆಕ್ಟರಿನ ಬೆಳಕಿನಲ್ಲಿ ಗೋಡೆಯ ಮೇಲೆ 2006ರ ಸಂಚಿಕೆಯ ಪುಟ ಮೂಡಿದಾಗ ಆ ವಿಚಿತ್ರ ಅಕ್ಷರರಾಶಿಯನ್ನು ಕಂಡು ಕೆಲವರು ನಕ್ಕರು. ಪುಣೆಯ ಪತ್ರವನ್ನು ಅವರು ಓದಿ ಹೇಳಿದ ಮೇಲೆ ಯಾರೂ ನಗಲಿಲ್ಲ.

ಹಿಂದಿನ ಸಾಲಿನಿಂದ ಒಬ್ಬ ತರುಣನು ಎದ್ದು ಬಂದು ಕಾರಣವನ್ನು ವಿವರಿಸಿದನು. ಯಂತ್ರಕ್ಕೆ ಅಕ್ಷರ ತಿಳಿಯದು, ಸಂಖ್ಯೆ ಮಾತ್ರ ತಿಳಿಯುತ್ತದೆ. ಹಳೆಯ ವ್ಯವಸ್ಥೆಯಲ್ಲಿ ಒಂದು ಫಾಂಟಿನೊಳಗೆ 256 ಸ್ಥಾನಗಳಷ್ಟೇ ಇದ್ದು, ಅವು ಇಂಗ್ಲಿಷ್ ಮೊದಲಾದ ಐರೋಪ್ಯ ಭಾಷೆಗಳ ಅಕ್ಷರಗಳಿಗೆ ಮೀಸಲಾಗಿದ್ದುವು. ಕನ್ನಡವನ್ನು ಗಣಕಯಂತ್ರಕ್ಕೆ ತಂದ ಮೊದಲಿಗರು ಬೇರೆ ಉಪಾಯವಿಲ್ಲದೆ ಅವೇ ಸ್ಥಾನಗಳಲ್ಲಿ ಕನ್ನಡದ ಆಕೃತಿಗಳನ್ನು ಕೂಡಿಸಿದರು. ಇಡೀ ಅಕ್ಷರಗಳಿಗೆ ಜಾಗ ಸಾಲದುದರಿಂದ ಅಕ್ಷರದ ಮೈ ಬೇರೆ, ತಲೆಕಟ್ಟು ಬೇರೆ, ಒತ್ತು ಬೇರೆಯಾಗಿ ತುಣುಕುಗಳನ್ನು ಮಾಡಿಕೊಂಡರು. ಅದು ಅಂದಿಗೆ ಜಾಣ್ಮೆಯ ಕೆಲಸವೇ ಆಗಿತ್ತು. ಅದರ ಬಲದಿಂದಲೇ ನಾಡಿನಾದ್ಯಂತ ಕನ್ನಡದ ಪುಸ್ತಕಗಳು ಅಚ್ಚಾದವು. ಆದರೆ ಆ ಫಾಂಟು ಇಲ್ಲದ ಯಂತ್ರದಲ್ಲಿ ವೇಷ ಕಳಚುತ್ತದೆ. 'ಕನ್ನಡ' ಎಂಬ ಪದದ ಜಾಗದಲ್ಲಿ ಇಂಗ್ಲಿಷಿನ ಪಿ, ನೆತ್ತಿಯ ಮೇಲೆ ಓರೆ ಗೀಟಿರುವ ಎ, ಪೌಂಡು ನಾಣ್ಯದ ಗುರುತು, ಜರ್ಮನ್ ಭಾಷೆಯದೊಂದು ಅಕ್ಷರ, ಹೀಗೆ ಏಳು ತುಣುಕುಗಳು ಸಾಲಾಗಿ ನಿಲ್ಲುತ್ತವೆ.

ಇದಕ್ಕೆ ಪರಿಹಾರವೇ ಯೂನಿಕೋಡ್. ಜಗತ್ತಿನ ಲಿಪಿಗಳಿಗೆಲ್ಲ ಪ್ರತ್ಯೇಕ ಸಂಖ್ಯೆಗಳನ್ನು ಕೊಡುವ ಈ ಏರ್ಪಾಡಿನ ಮೊದಲ ಆವೃತ್ತಿ 1991ರಲ್ಲಿ ಹೊರಬಂದಾಗಲೇ ಅದರಲ್ಲಿ ಕನ್ನಡವೂ ಇತ್ತು. ಕನ್ನಡಕ್ಕೆ 3200ರಿಂದ 3327ರವರೆಗಿನ 128 ಸ್ಥಾನಗಳು ಮೀಸಲಾಗಿವೆ. ಕ ಎಂದರೆ 3221, ನ ಎಂದರೆ 3240, ಡ ಎಂದರೆ 3233, ಹಲಂತದ ಗುರುತು ಎಂದರೆ 3277. 'ಕನ್ನಡ' ಎಂಬುದು ಕ, ನ, ಹಲಂತ, ನ, ಡ ಎಂಬ ಐದು ಸಂಖ್ಯೆಗಳ ಸರಣಿ. ಗದಗಿನಲ್ಲಾಗಲಿ ಪುಣೆಯಲ್ಲಾಗಲಿ ಆ ಸಂಖ್ಯೆಗಳಿಗೆ ಬೇರೆ ಅರ್ಥವಿಲ್ಲ. ಆದ್ದರಿಂದ ಹಳೆಯ ತುಣುಕುಗಳನ್ನು ಹೊಸ ಸಂಖ್ಯೆಗಳಿಗೆ ಪರಿವರ್ತಿಸಿದರೆ ಸಂಚಿಕೆಗಳು ಎಲ್ಲ ಕಡೆಯೂ ಓದಲು ಬರುತ್ತವೆ.

ಅಂಥ ಪರಿವರ್ತನೆಯ ಕೋಷ್ಟಕಗಳನ್ನು ಉತ್ಸಾಹಿ ಕನ್ನಡಿಗರು ಮೊದಲೇ ಸಿದ್ಧಪಡಿಸಿ ಎಲ್ಲರಿಗೂ ಮುಕ್ತವಾಗಿಟ್ಟಿದ್ದರು. ಆದರೆ ಶಾಲೆಯ ಸಂಚಿಕೆಗಳಲ್ಲಿ ಬಳಸಿದ ಫಾಂಟಿನಲ್ಲಿ ಕೆಲವು ಒತ್ತುಗಳ ಸ್ಥಾನ ಭಿನ್ನವಾಗಿದ್ದುದರಿಂದ ಅವು ಹಾಗೆಯೇ ಹೊಂದಲಿಲ್ಲ. ಮಂಡ್ಯದ ಕಡೆಯ ಒಬ್ಬ ತರುಣಿಯು ಚಹಾದ ವಿರಾಮದಲ್ಲಿಯೇ ಲ್ಯಾಪ್‌ಟಾಪ್ ತೆರೆದು, ಶಿಕ್ಷಕರ ಅಚ್ಚಿನ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು, ಕೋಷ್ಟಕವನ್ನು ತಿದ್ದತೊಡಗಿದಳು. ಮುಕ್ಕಾಲು ಗಂಟೆಯ ತರುವಾಯ ಗೋಡೆಯ ಮೇಲೆ ಕನ್ನಡ ಮೂಡಿತು. ಸಭೆ ಚಪ್ಪಾಳೆ ತಟ್ಟಿತು. ಶಿಕ್ಷಕರು ಮಾತ್ರ ತಟ್ಟಲಿಲ್ಲ. ಮೂವತ್ತು ವರ್ಷ ಉತ್ತರಪತ್ರಿಕೆಗಳನ್ನು ತಿದ್ದಿದ ಕಣ್ಣು ಎರಡನೆಯ ಸಾಲಿನಲ್ಲಿಯೇ ನಿಂತಿತ್ತು. "ಇಲ್ಲಿ ಅರ್ಕಾವತ್ತು ತಪ್ಪ್ಯಾವು" ಎಂದರು.

ನಿಜವಾಗಿಯೂ ತಪ್ಪಿದ್ದುವು. 'ಧರ್ಮ', 'ಕರ್ನಾಟಕ', 'ಸಾಮರ್ಥ್ಯ' ಎಲ್ಲವೂ ವಿಕಾರವಾಗಿದ್ದುವು. ತರುಣಿ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವಳು. ಕನ್ನಡವನ್ನು ಓದಬಲ್ಲಳಾದರೂ ಅರ್ಕಾವತ್ತಿನ ಮರ್ಮ ಅವಳಿಗೆ ಹೊಳೆಯಲಿಲ್ಲ. ಆ ಗುರುತು ಬಂದಾಗ ಅದನ್ನು ಒಂದು ತುಣುಕಿನಷ್ಟು ಹಿಂದಕ್ಕೆ ಸರಿಸುವಂತೆ ಮಾಡಿದಳು. 'ಧರ್ಮ' ಸರಿಹೋಯಿತು, 'ಸಾಮರ್ಥ್ಯ' ಸರಿಹೋಗಲಿಲ್ಲ. ಎರಡು ತುಣುಕು ಸರಿಸಿದರೆ ಒಂದು ಸರಿಹೋಗಿ ಮತ್ತೊಂದು ಕೆಟ್ಟಿತು. ನಾಲ್ಕೈದು ಜನ ಸುತ್ತ ನೆರೆದು ತಲೆಗೊಂದು ಮಾತು ಹೇಳಿದರು.

ಶಿಕ್ಷಕರು ತಾವಾಗಿಯೇ ಬಿಳಿಹಲಗೆಯ ಬಳಿಗೆ ನಡೆದರು. ಈಗ ಗಂಟಲು ಒಣಗಿರಲಿಲ್ಲ. ಅರ್ಕಾವತ್ತು ಕನ್ನಡ ಬರವಣಿಗೆಯ ಒಂದು ವಿಶೇಷ, ಅಲ್ಲಿ ಉಚ್ಚಾರಣೆಯ ಕ್ರಮ ಒಂದು, ಬರೆಯುವ ಕ್ರಮ ಮತ್ತೊಂದು ಎಂದು ಅವರು ವಿವರಿಸಿದರು. ರಕಾರವನ್ನು ಮೊದಲು ಉಚ್ಚರಿಸುತ್ತೇವೆ, ಆದರೆ ಅದರ ಗುರುತನ್ನು ಮುಂದಿನ ಅಕ್ಷರವೆಲ್ಲ ಮುಗಿದ ಮೇಲೆ ಬರೆಯುತ್ತೇವೆ. ಹಳೆಯ ಫಾಂಟು ಕೈಬರಹದ ಕ್ರಮವನ್ನು ಅನುಸರಿಸಿದೆ, ಯೂನಿಕೋಡ್ ಉಚ್ಚಾರಣೆಯ ಕ್ರಮವನ್ನು ಅನುಸರಿಸುತ್ತದೆ. ಆದ್ದರಿಂದ ಅರ್ಕಾವತ್ತು ದಾಟಬೇಕಾದದ್ದು ಒಂದು ತುಣುಕನ್ನೋ ಎರಡು ತುಣುಕನ್ನೋ ಅಲ್ಲ, ಮೂಲವ್ಯಂಜನ, ಅದರ ಒತ್ತು, ಅದರ ಸ್ವರಚಿಹ್ನೆ ಇವುಗಳೆಲ್ಲ ಕೂಡಿದ ಒಂದು ಪೂರ್ಣಾಕ್ಷರವನ್ನು. "ಅಕ್ಷರ ಅಂದ್ರ ಎಲ್ಲಿಂದ ಎಲ್ಲೀತನಕ ಅನ್ನೂದು ನಿಮ್ಮ ಯಂತ್ರಕ್ಕ ಮೊದಲು ಕಲಸ್ರಿ. ಆಮ್ಯಾಲೆ ಅರ್ಕಾವತ್ತು ತಾನೇ ದಾರಿ ಹಿಡೀತದ" ಎಂದರು. ಹಲಗೆಯ ಮೇಲೆ 'ಧರ್ಮ', 'ನಿರ್ದಿಷ್ಟ', 'ಸಾಮರ್ಥ್ಯ' ಎಂಬ ಮೂರು ಪದಗಳನ್ನು ಬಿಡಿಸಿ ತೋರಿಸಿದರು. ತರುಣಿ ಅಂತೆಯೇ ಬರೆದಳು. ಮೂರೂ ಸರಿಯಾದುವು.

ಆಗ ಶಿಕ್ಷಕರು ಇನ್ನೊಂದು ಸಂದೇಹವನ್ನು ಮುಂದಿಟ್ಟರು. ಪ್ರತಿ ಸಂಚಿಕೆಯಲ್ಲಿಯೂ ರ‍್ಯಾಂಕ್ ಪಡೆದ ವಿದ್ಯಾರ್ಥಿಗಳ ಪಟ್ಟಿಯಿರುತ್ತದೆ. ಆ ಪದದಲ್ಲಿ ಅರ್ಕಾವತ್ತು ಬರಕೂಡದು, ರಕಾರದ ಕೆಳಗೆ ಯಕಾರದ ಒತ್ತು ಬರಬೇಕು. ಯಂತ್ರ ಇದನ್ನು ಹೇಗೆ ತಿಳಿದೀತು? ಈ ಬಾರಿ ಉತ್ತರ ತರುಣರ ಕಡೆಯಿಂದ ಬಂದಿತು. ಯೂನಿಕೋಡಿನಲ್ಲಿ 8205ನೆಯ ಸ್ಥಾನದಲ್ಲಿ ಕಣ್ಣಿಗೆ ಕಾಣದ, ಅಗಲವಿಲ್ಲದ ಒಂದು ಜೋಡಕ ಚಿಹ್ನೆಯುಂಟು. ಅದನ್ನು ರಕಾರಕ್ಕೂ ಹಲಂತಕ್ಕೂ ನಡುವೆ ಇಟ್ಟರೆ ಅರ್ಕಾವತ್ತು ಮೂಡುವುದಿಲ್ಲ. ಶಿಕ್ಷಕರು ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಆ ಸಂಖ್ಯೆಯನ್ನು ಬರೆದುಕೊಂಡು ಅದರ ಕೆಳಗೆ ಗೆರೆ ಎಳೆದರು.

ಹೀಗೆ ಆ ಮಧ್ಯಾಹ್ನ ಕೇಳುವವರು ಯಾರು, ಹೇಳುವವರು ಯಾರು ಎಂಬ ಭೇದ ಎರಡು ಮೂರು ಸಲ ಅದಲುಬದಲಾಯಿತು. ಇಂಥ ಸಭೆಗಳ ನಿಜವಾದ ಬೆಲೆ ಇರುವುದು ಇಲ್ಲಿಯೇ. ಪರಿವರ್ತನೆಯ ಕೋಷ್ಟಕವನ್ನು ಮನೆಯಲ್ಲಿ ಕುಳಿತು ಹುಡುಕಿ ತೆಗೆಯಬಹುದಾಗಿತ್ತು. ಆದರೆ ಕೋಷ್ಟಕ ತಿಳಿದವಳಿಗೆ ಅರ್ಕಾವತ್ತು ತಿಳಿದಿರಲಿಲ್ಲ, ಅರ್ಕಾವತ್ತು ತಿಳಿದವರಿಗೆ ಕೋಷ್ಟಕ ತಿಳಿದಿರಲಿಲ್ಲ. ತಮಗೆ ತಿಳಿದಿಲ್ಲವೆಂಬುದೇ ಇಬ್ಬರಿಗೂ ಮೊದಲು ಸ್ಪಷ್ಟವಾಗಿರಲಿಲ್ಲ. ಒಂದೇ ಗೋಡೆಯ ಮೇಲಿನ ಒಂದೇ ತಪ್ಪನ್ನು ಇಬ್ಬರೂ ಒಟ್ಟಿಗೆ ನೋಡಿದಾಗ ಅದು ಗೊತ್ತಾಯಿತು. ಬರಿಗೈಯಲ್ಲಿ ಬೇಡಲು ಬಂದೆನೆಂದು ತಿಳಿದವರ ಕೈಯಲ್ಲಿಯೂ ಕೊಡತಕ್ಕದ್ದೊಂದು ಇರುತ್ತದೆ. ಬೇಡಿದ ಮೇಲೆಯೇ ಅದು ಅವರಿಗೆ ಕಾಣುವುದು.

ಹೊರಡುವ ಮುನ್ನ ಶಿಕ್ಷಕರು ತರುಣಿಯನ್ನು ಕರೆದು, "ತಂಗಿ, ನಿನ್ನ ಶ್ರಮಕ್ಕ ಏನು ಕೊಡಬೇಕು? ಸಂಕೋಚ ಮಾಡಬ್ಯಾಡ" ಎಂದು ಕೇಳಿ ಲಕೋಟೆಯನ್ನು ತೆಗೆದರು. ಅವಳು ಹಣವನ್ನು ಒಲ್ಲೆನೆಂದಳು. "ಇದೇ ಕೆಲಸವನ್ನು ಕಂಪನಿಗೆ ಮಾಡಿದ್ದರೆ ತಗೋತಿದ್ದೆ ಸರ್. ಆದರೆ ನಾನು ತಿದ್ದಿದ ಕೋಷ್ಟಕ ಬೇರೆ ಯಾರೋ ಪುಕ್ಕಟೆ ಕೊಟ್ಟದ್ದು. ನೀವು ಹೇಳಿದ ಅರ್ಕಾವತ್ತಿನ ನಿಯಮ ಸೇರಿಸಿ ಎಲ್ಲರಿಗೂ ಸಿಗೋ ಹಾಗೆ ಹಾಕ್ತೀನಿ. ಅದಕ್ಕೆ ನೀವು ಒಪ್ಪಿದರೆ ಸಾಕು" ಎಂದಳು. 1976ರ ಬಹಿರಂಗ ಪತ್ರ ಎತ್ತಿದ ಪ್ರಶ್ನೆಗೆ ಇದು ಸಂಪೂರ್ಣ ಉತ್ತರವಾಗಲಾರದು. ಆದರೆ ಯಾವುದಕ್ಕೆ ಕೂಲಿ ಪಡೆಯಬೇಕು, ಯಾವುದನ್ನು ಪಡೆದಂತೆಯೇ ಮುಂದಕ್ಕೆ ದಾಟಿಸಬೇಕು ಎಂಬ ವಿವೇಕ ಆ ಮಾತಿನಲ್ಲಿತ್ತು. ಶಿಕ್ಷಕರು ಐದು ಸಾವಿರದಲ್ಲಿ ಬಸ್ಸಿನ ದರವನ್ನು ಕಳೆದು ಉಳಿದುದನ್ನು ಆಡಳಿತ ಮಂಡಳಿಗೆ ಲೆಕ್ಕಸಹಿತ ಹಿಂದಿರುಗಿಸಿದರು.

ಇಷ್ಟು ಹೇಳಿ, ಈ ಸಭೆಗಳಲ್ಲಿ ಕೊರತೆಗಳೇ ಇಲ್ಲವೆನ್ನುವುದು ಅತಿಶಯೋಕ್ತಿಯಾದೀತು. ಕೊಠಡಿಯನ್ನು ಬಿಟ್ಟುಕೊಡುವ ಕಂಪನಿಗೆ ಒಳ್ಳೆಯ ಕೆಲಸಗಾರರನ್ನು ಗುರುತಿಸಿಕೊಳ್ಳುವ ಆಸೆಯೂ ಇರುತ್ತದೆ. ಬರುವವರಲ್ಲಿ ಕೆಲವರ ಲಕ್ಷ್ಯ ಕಲಿಕೆಗಿಂತ ಉದ್ಯೋಗದ ಮೇಲಿರುತ್ತದೆ. ಅಂದಿನ ಸಭೆಯಲ್ಲಿ ಸ್ತ್ರೀಯರು ಬೆರಳೆಣಿಕೆಯಷ್ಟಿದ್ದರು. ಉಪನ್ಯಾಸಗಳೆರಡೂ ಇಂಗ್ಲಿಷಿನಲ್ಲಿಯೇ ನಡೆದುವು. ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಬರುವ ಶಕ್ತಿ, ಕೈಹಿಡಿದು ಕರೆದೊಯ್ಯುವ ಶಿಷ್ಯ ಇವೆರಡೂ ಇಲ್ಲದ ಶಿಕ್ಷಕರು ತಾಲ್ಲೂಕು ತಾಲ್ಲೂಕಿನಲ್ಲಿದ್ದಾರೆ. ಅವರ ಪ್ರಶ್ನೆಗಳು ಯಾವ ಗೋಡೆಯ ಮೇಲೂ ಮೂಡದೆ ಉಳಿಯುತ್ತವೆ. ಬಾಗಿಲು ತೆರೆದಿದ್ದರೂ ಬಾಗಿಲವರೆಗಿನ ದಾರಿ ಎಲ್ಲರಿಗೂ ಸಮನಾಗಿರುವುದಿಲ್ಲ.

ಊರಿಗೆ ಮರಳಿದ ಮೇಲೆ ಶಿಕ್ಷಕರು ಮೊದಲು ಮಾಡಿದ್ದು 2006ರ ಸಂಚಿಕೆಯ ಕೆಲಸ. ಯಂತ್ರ ಮಾಡಿದ ಪರಿವರ್ತನೆಯನ್ನು ಅಚ್ಚಿನ ಪ್ರತಿಯೊಡನೆ ಸಾಲು ಸಾಲಾಗಿ ಹೋಲಿಸಿ ತಿದ್ದಿದರು. ಒಂದು ತಿಂಗಳ ಬಳಿಕ ಪುಣೆಯಿಂದ ಪತ್ರ ಬಂದಿತು. ತಂದೆಯ ಕುರಿತ ಲೇಖನವನ್ನು ಮೊಮ್ಮಕ್ಕಳಿಗೆ ಓದಿ ಹೇಳಿದುದಾಗಿಯೂ, ಕನ್ನಡ ಓದಲು ಬಾರದ ಕಿರಿಯ ಮೊಮ್ಮಗನು ಮುತ್ತಜ್ಜನ ಹೆಸರನ್ನು ತೆರೆಯ ಮೇಲೆ ಬೆರಳಿಟ್ಟು ತೋರಿಸೆಂದು ಕೇಳಿದನೆಂದೂ ಅದರಲ್ಲಿತ್ತು.

2020ರ ಮಾರ್ಚಿನಲ್ಲಿ ಸಾಂಕ್ರಾಮಿಕದ ಕಾರಣದಿಂದ ಶಾಲೆಗಳು ಮುಚ್ಚಿದವು. ಬೆಂಗಳೂರಿನ ಆ ಮಾಸಿಕ ಸಭೆಯೂ ನಿಂತಿತು. ಕೆಲಕಾಲ ಅದು ಪರದೆಯ ಮೇಲೆ ನಡೆಯಿತು. ಆದರೆ ಚಹಾದ ಲೋಟ ಹಿಡಿದು ಒಬ್ಬರ ಲ್ಯಾಪ್‌ಟಾಪಿನ ಸುತ್ತ ಐವರು ಬಾಗಿ ನಿಲ್ಲುವ ಸೌಕರ್ಯ ಪರದೆಯಲ್ಲಿರಲಿಲ್ಲವೆಂದು ಶಿಷ್ಯನು ಹೇಳಿದನು. ಶಾಲೆ ಮುಚ್ಚಿದ್ದ ಆ ದಿನಗಳಲ್ಲಿ ಶಿಕ್ಷಕರು ಹತ್ತನೆಯ ತರಗತಿಯ ಮಕ್ಕಳಿಗೆ ಅವರ ಮನೆಯವರ ಮೊಬೈಲಿಗೆ ದಿನಕ್ಕೆ ಎರಡೆರಡು ಪುಟಗಳನ್ನು ಕಳುಹಿಸಿ, ತಪ್ಪು ಹುಡುಕುವ ಕೆಲಸ ಕೊಟ್ಟರು. ಮಕ್ಕಳು ತಮ್ಮ ಅಣ್ಣ ಅಕ್ಕಂದಿರು, ಕೆಲವೆಡೆ ತಂದೆತಾಯಿಗಳು ಬರೆದ ಕವಿತೆ ಪ್ರಬಂಧಗಳನ್ನು ಮೊದಲ ಬಾರಿಗೆ ಓದಿದರು. ಕಾಗುಣಿತದ ಪಾಠ ಅದರೊಡನೆಯೇ ನಡೆಯಿತು.

ಶಾಲೆ ಮತ್ತೆ ತೆರೆದ ಮೇಲೆ ಗಣಕಯಂತ್ರದ ಕೊಠಡಿಯಲ್ಲಿ ತಿಂಗಳಿಗೊಂದು ಶನಿವಾರ ಮಕ್ಕಳ ಸಭೆಯೊಂದು ಆರಂಭವಾಯಿತು. ಅದಕ್ಕೆ ಅಧ್ಯಕ್ಷರಿಲ್ಲ, ಹಾರತುರಾಯಿಗಳಿಲ್ಲ. ಬರುವವರು ಒಂದು ಪ್ರಶ್ನೆಯನ್ನು ತರಬೇಕೆಂಬುದೇ ನಿಯಮ. ಶಿಕ್ಷಕರೂ ತರಬೇಕು. ಉತ್ತರ ದೊರೆಯದ ಪ್ರಶ್ನೆಗಳನ್ನು ಹಲಗೆಯ ಒಂದು ಬದಿಯಲ್ಲಿ ಬರೆದಿಡುತ್ತಾರೆ. ಮುಂದಿನ ತಿಂಗಳವರೆಗೆ ಅವನ್ನು ಯಾರೂ ಒರೆಸುವಂತಿಲ್ಲ.

ಹದಿನಾಲ್ಕು ಸಂಚಿಕೆಗಳಲ್ಲಿ ಒಂಬತ್ತರ ಪರಿಶೀಲನೆ ಮುಗಿದು ಅವು ಎಲ್ಲ ಕಡೆಯೂ ಓದಲು ದೊರೆಯುತ್ತಿವೆ. ಇನ್ನೂ ಐದು ಉಳಿದಿವೆ. ಯಂತ್ರ ಮಾಡಬೇಕಾದ ಕೆಲಸವನ್ನು ಯಂತ್ರ ಮಾಡಿ ಮುಗಿಸಿದೆ. ಉಳಿದಿರುವುದು ಮನುಷ್ಯರು ಮಾಡಬೇಕಾದದ್ದು. ಅದಕ್ಕೆ ಬೇಕಾದುದು ಹಣಕ್ಕಿಂತ ಹೆಚ್ಚಾಗಿ ಕನ್ನಡ ಬಲ್ಲ ಕಣ್ಣುಗಳು, ದಿನಕ್ಕೆ ಅರ್ಧ ಗಂಟೆಯ ಬಿಡುವು. ದೂರದ ಊರುಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಯಾರು ಬೇಕಾದರೂ ಕುಳಿತಲ್ಲಿಂದಲೇ ಎರಡು ಪುಟಗಳನ್ನು ತಿದ್ದಿ ಕಳುಹಿಸಬಹುದು. ತಿದ್ದುವಾಗ ತಮ್ಮದೇ ಹದಿನೈದನೆಯ ವಯಸ್ಸಿನ ಬರಹವೊಂದು ಅವರ ಕಣ್ಣಿಗೆ ಬಿದ್ದರೂ ಬೀಳಬಹುದು. ಅದರಲ್ಲಿ ಅರ್ಕಾವತ್ತು ತಪ್ಪಿದ್ದರೆ ಸರಿಪಡಿಸಲು ಅವರಿಗಿಂತ ಅರ್ಹರು ಬೇರೆ ಯಾರೂ ಇಲ್ಲ.